ಶಿಕ್ಷಕಿ ಬೇಕೆಂದು ಕಳುಹಿಸಿದರು, ಸೊನಾಟಾ ಬರೆದುಕೊಂಡು ಬಂದರು

(ಜಪಾನಿನ ಸಂಗೀತಗಾರ್ತಿ ಕೋಡಾ ನೊಬು ಅವರನ್ನು ಕುರಿತು ಸಂಗೀತಾಸಕ್ತರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

1896ರ ಏಪ್ರಿಲ್ ತಿಂಗಳು. ಟೋಕಿಯೊದ ಉಯೆನೊ ಗುಡ್ಡದ ಮೇಲೆ ಮರದಲ್ಲಿ ಕಟ್ಟಿದ ಒಂದು ಸಂಗೀತ ಸಭಾಂಗಣ. ಕಟ್ಟಿ ಆಗಿನ್ನೂ ಆರು ವರ್ಷ. ವೇದಿಕೆಗೆ ಬಂದ ಹೆಣ್ಣುಮಗಳಿಗೆ ಆ ತಿಂಗಳಲ್ಲೇ ಇಪ್ಪತ್ತಾರು ತುಂಬುವುದಿತ್ತು. ಆರು ವರ್ಷಗಳಿಗೂ ಹೆಚ್ಚು ಕಾಲ ಹೊರದೇಶಗಳಲ್ಲಿದ್ದು ಊರಿಗೆ ಮರಳಿದ ಮೇಲೆ ಅವರು ಜನರ ಮುಂದೆ ನಿಂತ ಕಛೇರಿ ಅದು. ಅಂದು ಅವರು ಪಿಟೀಲು ಹಿಡಿದು ಮೆಂಡೆಲ್ಸನ್ನರ ಕನ್ಚೆರ್ಟೊದ ಮೊದಲ ಭಾಗವನ್ನು ನುಡಿಸಿದರು. ಪಿಟೀಲನ್ನು ಬದಿಗಿಟ್ಟು ಶೂಬರ್ಟ್ ಮತ್ತು ಬ್ರಾಮ್ಸ್ ಅವರ ಹಾಡುಗಳನ್ನು ಹಾಡಿದರು. ಬೇರೆಯವರ ಸರದಿ ಬಂದಾಗ ಪಿಯಾನೊ ಮುಂದೆ ಕುಳಿತು ಅವರಿಗೆ ಪಕ್ಕವಾದ್ಯ ನೀಡಿದರು.

ಸಭೆ ಆ ದಿನ ಒಬ್ಬರಲ್ಲೇ ಒಬ್ಬ ಪಿಟೀಲು ವಾದಕಿಯನ್ನೂ ಗಾಯಕಿಯನ್ನೂ ಪಿಯಾನೊ ವಾದಕಿಯನ್ನೂ ಕಂಡಿತು. ಅವರೊಳಗೇ ಇದ್ದ ನಾಲ್ಕನೆಯವರ ಬಗ್ಗೆ ನಾನು ಇಂದು ಮಾತನಾಡಲು ಬಂದಿದ್ದೇನೆ. ಆ ನಾಲ್ಕನೆಯವರು ಸಂಗೀತ ರಚನಕಾರ್ತಿ. ಪಿಟೀಲು ಮತ್ತು ಪಿಯಾನೊಗಾಗಿ ಬರೆದ ಒಂದು ಸೊನಾಟಾ, ಅಂದರೆ ಹಲವು ಭಾಗಗಳ ವಾದ್ಯಕೃತಿ, ಅವರ ಕಾಗದಗಳಲ್ಲಿ ಆ ಹೊತ್ತಿಗಾಗಲೇ ಇತ್ತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಇಂಥ ಪ್ರಕಾರದಲ್ಲಿ ಜಪಾನಿನವರೊಬ್ಬರು ಬರೆದ ಮೊದಲ ಕೃತಿ ಅದು.

ಅವರ ಹೆಸರು ಕೋಡಾ ನೊಬು. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಕೋಡಾ ಮನೆತನ, ನೊಬು ಅವರ ಸ್ವಂತ ಹೆಸರು. ಅವರನ್ನು ನೆನೆಯುವವರು ಸಾಮಾನ್ಯವಾಗಿ ಮೂರು ರೀತಿಯಲ್ಲಿ ನೆನೆಯುತ್ತಾರೆ. ದೊಡ್ಡ ಕಾದಂಬರಿಕಾರ ಕೋಡಾ ರೊಹಾನ್ ಅವರ ತಂಗಿ ಎನ್ನುತ್ತಾರೆ. ಅಕಾಲದಲ್ಲಿ ತೀರಿಕೊಂಡ ಪ್ರತಿಭಾವಂತ ತಾಕಿ ರೆಂತಾರೊ ಅವರ ಗುರು ಎನ್ನುತ್ತಾರೆ. ಸಂಗೀತ ಕಲಿಯಲು ಸರ್ಕಾರ ವಿದೇಶಕ್ಕೆ ಕಳುಹಿಸಿದ ಮೊದಲ ವ್ಯಕ್ತಿ ಎನ್ನುತ್ತಾರೆ. ಮೂರೂ ನಿಜ. ಆದರೆ ತಂಗಿ, ಗುರು, ಮೊದಲಿಗಳು ಎಂಬ ಈ ಮೂರು ಮಾತುಗಳಲ್ಲಿ ಅವರು ಬರೆದ ಒಂದು ಸ್ವರವೂ ಕೇಳಿಸುವುದಿಲ್ಲ. ನನಗೆ ಆ ಸೊನಾಟಾ ಮೊದಲು ಕೇಳಿಸಿತು, ಬದುಕಿನ ಕಥೆ ಆಮೇಲೆ ತಿಳಿಯಿತು. ಹಾಗಾಗಿಯೇ ಇರಬೇಕು, ಕಥೆಯನ್ನು ಓದುತ್ತಾ ಹೋದಂತೆ ಒಂದೇ ಪ್ರಶ್ನೆ ನನ್ನನ್ನು ಕಾಡಿತು: ಇಷ್ಟು ಬರೆಯಬಲ್ಲವರು ಯಾಕೆ ಇನ್ನಷ್ಟು ಬರೆಯಲಿಲ್ಲ?

ನೊಬು ಹುಟ್ಟಿದ್ದು 1870ರ ಏಪ್ರಿಲ್ 19ರಂದು, ಟೋಕಿಯೊದಲ್ಲಿ. ಊರಿಗೆ ಆ ಹೆಸರು ಬಂದು ಎರಡು ವರ್ಷವಾಗಿತ್ತಷ್ಟೆ. ಅದಕ್ಕೆ ಮುಂಚೆ ಅದು ಎದೊ, ದೇಶವನ್ನು ಆಳುತ್ತಿದ್ದ ಸೇನಾಧಿಪತಿಗಳಾದ ತೊಕುಗಾವಾ ಶೋಗನ್‌ಗಳ ಕೋಟೆಯ ಊರು. ಕೋಡಾ ಮನೆತನದವರು ವಂಶಪಾರಂಪರ್ಯವಾಗಿ ಆ ಕೋಟೆಯೊಳಗೆ ಕೆಲಸ ಮಾಡಿದವರು. ಶೋಗನ್ನರನ್ನು ಕಾಣಲು ಬರುವ ಪ್ರಾಂತ್ಯಗಳ ಒಡೆಯರನ್ನು ಬರಮಾಡಿಕೊಂಡು ಉಪಚರಿಸುವ, ಚಹಾ ನೀಡುವ, ಒಳಗಿನ ರೀತಿ ರಿವಾಜುಗಳನ್ನು ತಿಳಿಸುವ ಕೆಲಸ. 1868ರಲ್ಲಿ ಶೋಗನ್ ಆಳ್ವಿಕೆ ಕೊನೆಗೊಂಡಿತು. ಅದರೊಂದಿಗೆ ಮನೆಯ ಉದ್ಯೋಗವೂ ಹೋಯಿತು. ನೊಬು ಹುಟ್ಟಿದ ಮನೆಯಲ್ಲಿ ಸಂಸ್ಕಾರವಿತ್ತು, ಸಂಗೀತವಿತ್ತು, ನಿಶ್ಚಿಂತೆ ಇರಲಿಲ್ಲ.

ಆ ಮನೆಯ ಮಕ್ಕಳನ್ನು ನೋಡಿದರೆ ಬೆರಗಾಗುತ್ತದೆ. ಒಬ್ಬ ಅಣ್ಣ ಗುಂಜಿ ಶಿಗೆತಾದಾ ನೌಕಾಪಡೆಯ ಅಧಿಕಾರಿ. 1893ರಲ್ಲಿ ಸಣ್ಣ ದೋಣಿಗಳಲ್ಲಿ ಜನರನ್ನು ಕಟ್ಟಿಕೊಂಡು ಉತ್ತರದ ಕುರಿಲ್ ದ್ವೀಪಗಳತ್ತ ಹೊರಟು ದೇಶವನ್ನೇ ತುದಿಗಾಲಲ್ಲಿ ನಿಲ್ಲಿಸಿದವರು. ಇನ್ನೊಬ್ಬ ಅಣ್ಣ ರೊಹಾನ್ ಹೊಕ್ಕೈದೊದಲ್ಲಿ ತಂತಿ ಕಚೇರಿಯ ಕೆಲಸದಲ್ಲಿದ್ದರು. 1887ರಲ್ಲಿ ಅದನ್ನು ಬಿಟ್ಟು ಟೋಕಿಯೊಗೆ ಮರಳಿ ಲೇಖಕರಾದರು. ತಮ್ಮ ಶಿಗೆತೊಮೊ ಇತಿಹಾಸಕಾರ. ಎಂಟು ವರ್ಷ ಚಿಕ್ಕವಳಾದ ತಂಗಿ ಕೋ ಮುಂದೆ ಪಿಟೀಲು ವಾದಕಿ. ಹಳೆಯ ಕಾಲದ ಬಾಗಿಲು ಮುಚ್ಚಿದಾಗ ಹೊಸ ಕಾಲದ ಬಾಗಿಲನ್ನು ಇವರಲ್ಲಿ ಒಬ್ಬೊಬ್ಬರೂ ತಮ್ಮದೇ ದಿಕ್ಕಿನಿಂದ ತಟ್ಟಿದರು.

ನೊಬು ಮೊದಲು ಕಲಿತದ್ದು ಜಪಾನಿನ ಸಂಗೀತವನ್ನೇ. ಕಬುಕಿ ನಾಟಕದೊಂದಿಗೆ ಬೆಳೆದು ಬಂದ, ಶಮಿಸೆನ್ ತಂತಿವಾದ್ಯದ ಜೊತೆ ಹಾಡುವ ನಗಾಉತಾ. ಬೆರಳುಗಳಿಗೆ ನಖ ತೊಟ್ಟು ನುಡಿಸುವ, 13 ತಂತಿಗಳ ಉದ್ದನೆಯ ಕೊಟೊ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಮುಂದೆ ಅವರನ್ನು ಪರದೇಶದ ಸಂಗೀತದವರು ಎಂದು ಕರೆಯುವವರು ಬರುತ್ತಾರೆ. ಅವರ ಕಿವಿ ಮೊದಲು ಪಳಗಿದ್ದು ಕೊಟೊದಲ್ಲಿ.

ಈಗ ಇನ್ನೊಬ್ಬರ ಕಥೆ ಹೇಳಬೇಕು. ಅದಿಲ್ಲದೆ ನೊಬು ಅವರ ಕಥೆ ಅರ್ಥವಾಗುವುದಿಲ್ಲ. ಇಸಾವಾ ಶೂಜಿ ಎಂಬ ಯುವಕನನ್ನು ಸರ್ಕಾರ 1875ರಲ್ಲಿ ಅಮೆರಿಕಕ್ಕೆ ಕಳುಹಿಸಿತು, ಶಿಕ್ಷಕರನ್ನು ತರಬೇತುಗೊಳಿಸುವುದು ಹೇಗೆಂದು ಕಲಿತು ಬರಲು. ಮ್ಯಾಸಚೂಸೆಟ್ಸ್‌ನ ಬ್ರಿಡ್ಜ್‌ವಾಟರ್ ಶಿಕ್ಷಕ ತರಬೇತಿ ಶಾಲೆಯಲ್ಲಿ ಆತನಿಗೆ ಎಲ್ಲ ಪಾಠಗಳೂ ಬಂದವು, ಹಾಡುವುದೊಂದು ಬಿಟ್ಟು. ಯುರೋಪಿನ ಸ್ವರಶ್ರೇಣಿಯನ್ನು ಹಾಡಲು ಹೊರಟರೆ ನಾಲ್ಕನೆಯ ಸ್ವರದಲ್ಲೂ ಏಳನೆಯ ಸ್ವರದಲ್ಲೂ ಗಂಟಲು ತಪ್ಪುತ್ತಿತ್ತು. ದೂರದಿಂದ ಬಂದ ಹುಡುಗ, ಪಾಪ, ಸಂಗೀತದ ಪಾಠದಿಂದ ವಿನಾಯಿತಿ ಕೊಡೋಣ ಎಂದರು ಮುಖ್ಯಸ್ಥರು. ಆ ಕರುಣೆಗೆ ಇಸಾವಾ ಮೂರು ದಿನ ಅತ್ತರಂತೆ. ಆಮೇಲೆ ಬಾಸ್ಟನ್ನಿನ ಶಾಲೆಗಳಲ್ಲಿ ಸಂಗೀತ ಕಲಿಸುತ್ತಿದ್ದ ಲೂಥರ್ ವೈಟಿಂಗ್ ಮೇಸನ್ ಎಂಬವರನ್ನು ಹುಡುಕಿ ಹೋಗಿ, ಪಟ್ಟು ಹಿಡಿದು ಕಲಿತರು.

ನಮ್ಮ ಸಂಗೀತ ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ನಾಲ್ಕನೆಯದು ಮಧ್ಯಮ, ಏಳನೆಯದು ನಿಷಾದ. ಶಂಕರಾಭರಣದ ಸ್ವರಗಳಿಂದ ಈ ಎರಡನ್ನು ತೆಗೆದುಬಿಟ್ಟರೆ ಉಳಿಯುವುದು ಮೋಹನದ ಸ್ವರಗಳು. ಐದು ಸ್ವರಗಳಲ್ಲಿ ಹರಿದಾಡಿ ಬೆಳೆದ ಗಂಟಲಿಗೆ ಉಳಿದೆರಡು ಕಾಲು ನಿಲ್ಲದ ನೆಲದಂತೆ. ಜಪಾನಿನಲ್ಲಿ ಆಮೇಲೆ ಶಾಲೆಯ ಹಾಡುಗಳನ್ನು ಕಟ್ಟುವಾಗ ಈ ನಾಲ್ಕು ಮತ್ತು ಏಳನ್ನು ಬಿಟ್ಟ ಶ್ರೇಣಿಯೇ ಬಹಳ ಬಳಕೆಗೆ ಬಂತು. ಅದಕ್ಕೆ ಯೊನಾನುಕಿ ಎಂದೇ ಹೆಸರು, ಅಂದರೆ ನಾಲ್ಕು ಏಳು ಇಲ್ಲದ್ದು. ಮೋಹನ ಕೇಳಿದಾಗಲೆಲ್ಲ ನನಗೆ ಈಗ ಬ್ರಿಡ್ಜ್‌ವಾಟರ್‌ನಲ್ಲಿ ಕುಳಿತು ಅತ್ತ ಆ ಯುವಕ ನೆನಪಾಗುತ್ತಾನೆ.

ಇಸಾವಾ ಮರಳಿದ ಮೇಲೆ, 1879ರಲ್ಲಿ, ಶಿಕ್ಷಣ ಸಚಿವಾಲಯ ಸಂಗೀತದ ಪರಿಶೀಲನೆಗೆಂದೇ ಒಂದು ವಿಭಾಗ ತೆರೆದು ಅವರನ್ನು ಅದರ ತಲೆಯಾಗಿ ನೇಮಿಸಿತು. ಮರುವರ್ಷ ಮೇಸನ್ ಅವರನ್ನು ಟೋಕಿಯೊಗೆ ಕರೆಸಿಕೊಂಡಿತು. ಉದ್ದೇಶ ಸ್ಪಷ್ಟವಾಗಿತ್ತು: ದೇಶದ ಶಾಲೆಗಳಲ್ಲಿ ಮಕ್ಕಳು ಹಾಡಬೇಕು, ಅದಕ್ಕೆ ಹಾಡುಗಳು ಬೇಕು, ಹಾಡು ಕಲಿಸುವವರು ಬೇಕು. ಯಾರೂ ಇಲ್ಲಿ ಬೀಥೋವನ್‌ನನ್ನು ಹುಟ್ಟಿಸಲು ಹೊರಟಿರಲಿಲ್ಲ. ಸಂಗೀತ ಸರ್ಕಾರದ ಕಣ್ಣಿಗೆ ಬಿದ್ದದ್ದು ಶಾಲಾ ಶಿಕ್ಷಣದ ಒಂದು ಪಾಠವಾಗಿ. ನೊಬು ಅವರ ಇಡೀ ಬದುಕಿನ ಮೇಲೆ ಈ ಉದ್ದೇಶದ ನೆರಳು ಬಿದ್ದಿದೆ ಎಂಬುದು ನನ್ನ ಅಭಿಪ್ರಾಯ.

ಮೇಸನ್ ಹಾಡು ಕಲಿಸಲು ಹೋದ ಶಾಲೆಗಳಲ್ಲಿ ಬಾಲಕಿಯರ ಶಿಕ್ಷಕ ತರಬೇತಿ ಶಾಲೆಗೆ ಸೇರಿದ ಪ್ರಾಥಮಿಕ ಶಾಲೆಯೂ ಒಂದು. ಅಲ್ಲಿ ಓದುತ್ತಿದ್ದ ನೊಬು ಮೇಸನ್ ಅವರ ಕಣ್ಣಿಗೆ ಬಿದ್ದಳು. ಈ ಹುಡುಗಿಗೆ ಪಿಯಾನೊ ಕಲಿಸಬೇಕು ಎಂದರು, ತಾವೇ ಕಲಿಸಿದರು. 1882ರಲ್ಲಿ ಆಕೆ ಇಸಾವಾ ಅವರ ಸಂಸ್ಥೆಗೆ ವಿದ್ಯಾರ್ಥಿನಿಯಾಗಿ ಸೇರಿದಳು. ಮೇಸನ್ ಅದೇ ವರ್ಷ ಅಮೆರಿಕಕ್ಕೆ ಮರಳಿದರು. ಇಸಾವಾ ಅವರ ಸಂಸ್ಥೆಯಲ್ಲಿ ಪಿಯಾನೊ ಕಲಿಸಲು ಬಂದವರು ಉರ್ಯು ಶಿಗೆಕೊ. ಅವರದೂ ಒಂದು ಸಾಹಸದ ಕಥೆ: 1871ರಲ್ಲಿ ಜಪಾನ್ ಸರ್ಕಾರ ಅಮೆರಿಕಕ್ಕೆ ಕಳುಹಿಸಿದ ಐವರು ಹುಡುಗಿಯರಲ್ಲಿ ಒಬ್ಬರು. ಹತ್ತರ ಆಸುಪಾಸಿನ ವಯಸ್ಸಿನಲ್ಲಿ ಹೋಗಿ, ವಾಸರ್ ಕಾಲೇಜಿನಲ್ಲಿ ಸಂಗೀತ ಓದಿ, 1881ರಲ್ಲಿ ಊರಿಗೆ ಬಂದವರು. ಹೀಗೆ ನೊಬು ಅವರಿಗೆ ತಮಗಿಂತ ಎಂಟೇ ವರ್ಷ ಹಿರಿಯಳಾದ ಜಪಾನಿ ಹೆಣ್ಣುಮಗಳೊಬ್ಬಳು ಗುರುವಾಗಿ ಸಿಕ್ಕಳು. ಇದು ಸಣ್ಣ ಮಾತಲ್ಲ.

1885ರಲ್ಲಿ ಆ ಸಂಸ್ಥೆಯಿಂದ ಪೂರ್ಣ ಶಿಕ್ಷಣ ಮುಗಿಸಿ ಹೊರಬಂದವರು ಮೂವರು. ಮೂವರೂ ಹೆಣ್ಣುಮಕ್ಕಳು. ನೊಬು ಅವರಿಗೆ ಹದಿನೈದು ವರ್ಷ. ಆಮೇಲೆ ಅಲ್ಲಿಯೇ ಕಲಿಸತೊಡಗಿದರು. 1887ರಲ್ಲಿ ಸಂಸ್ಥೆ ಟೋಕಿಯೊ ಸಂಗೀತ ಶಾಲೆಯಾಯಿತು. ಮರುವರ್ಷ ವಿಯೆನ್ನಾದಿಂದ ರುಡಾಲ್ಫ್ ಡಿಟ್ರಿಶ್ ಎಂಬವರು ಶಾಲೆಗೆ ಬಂದರು. ಬ್ರುಕ್ನರ್ ಅವರ ಶಿಷ್ಯ, ಆರ್ಗನ್ ಮತ್ತು ಪಿಟೀಲು ಎರಡರಲ್ಲೂ ಪಳಗಿದವರು. ಅವರು ಬಂದ ಮರುವರ್ಷವೇ, 1889ರಲ್ಲಿ, ಶಿಕ್ಷಣ ಸಚಿವಾಲಯ ನೊಬು ಅವರನ್ನು ಸಂಗೀತ ಕಲಿಯಲು ವಿದೇಶಕ್ಕೆ ಕಳುಹಿಸಿತು. ವಯಸ್ಸು 19.

ಹೆಣ್ಣೊಬ್ಬಳನ್ನು ಕಳುಹಿಸಿದರಲ್ಲ ಎಂದು ನಾವು ಇಂದು ಮೆಚ್ಚಿಕೊಳ್ಳಬಹುದು. ಕಾರಣ ಅಷ್ಟು ಉದಾತ್ತವಾಗಿತ್ತು ಎಂದು ನನಗೆ ಅನಿಸುವುದಿಲ್ಲ. ಆ ಕಾಲದ ಗಂಡುಮಕ್ಕಳು ಕಾನೂನು, ವೈದ್ಯ, ಎಂಜಿನಿಯರಿಂಗ್, ಸೈನ್ಯ ಎಂದು ಹೋಗುತ್ತಿದ್ದರು. ಹೊಸ ಸಂಗೀತದಲ್ಲಿ ಎಲ್ಲರಿಗಿಂತ ಮುಂದೆ ಹೋಗಿದ್ದವರು ಈ ಹುಡುಗಿಯರೇ. ಆದರೆ ನೊಬು ಆ ಅವಕಾಶವನ್ನು ಬಳಸಿಕೊಂಡ ರೀತಿ ಕಳುಹಿಸಿದವರ ಲೆಕ್ಕಾಚಾರವನ್ನು ಮೀರಿದ್ದು.

ಮೊದಲ ವರ್ಷ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಎಂಬ ಸಂಗೀತ ವಿದ್ಯಾಲಯದಲ್ಲಿ. ಅಲ್ಲಿಂದ 1890ರಲ್ಲಿ ವಿಯೆನ್ನಾಕ್ಕೆ. ಅಲ್ಲೇ ಐದು ವರ್ಷ.

ವಿಯೆನ್ನಾ ಎಂದರೆ ಆಗ ಏನು ಎಂಬುದನ್ನು ಸ್ವಲ್ಪ ಹೇಳಬೇಕು. ಬ್ರಾಮ್ಸ್ ಅದೇ ಊರಿನಲ್ಲಿ ಬದುಕಿದ್ದರು. ಬ್ರುಕ್ನರ್ ಬದುಕಿದ್ದರು. ನಾವು ಪುಸ್ತಕದಲ್ಲಿ ಓದುವ ಹೆಸರುಗಳು ಅಲ್ಲಿ ಬೀದಿಯಲ್ಲಿ ಎದುರಾಗುವ ಮುದುಕರು. ನೊಬು ಕನ್ಸರ್ವೇಟರಿಯಲ್ಲಿ ಪಿಟೀಲನ್ನು ಕಿರಿಯ ಯೋಸೆಫ್ ಹೆಲ್ಮೆಸ್‌ಬರ್ಗರ್ ಅವರಲ್ಲಿ ಕಲಿತರು. ಮೂರು ತಲೆಮಾರಿನಿಂದ ವಿಯೆನ್ನಾದ ಪಿಟೀಲು ಪರಂಪರೆಯನ್ನು ಕಾಯ್ದುಕೊಂಡು ಬಂದ ಮನೆತನ ಅದು. ಸ್ವರಗಳನ್ನು ಒಟ್ಟಿಗೆ ಕೂಡಿಸುವ ಹಾರ್ಮನಿ, ಸ್ವರಸಾಲುಗಳನ್ನು ಹೆಣೆಯುವ ಕೌಂಟರ್‌ಪಾಯಿಂಟ್, ರಚನೆ ಇವುಗಳನ್ನು ರಾಬರ್ಟ್ ಫುಕ್ಸ್ ಅವರಲ್ಲಿ. ಈ ಫುಕ್ಸ್ ಅವರ ಶಿಷ್ಯರ ಪಟ್ಟಿಯನ್ನು ನೋಡಬೇಕು: ಮಾಹ್ಲರ್, ಹ್ಯೂಗೊ ವೂಲ್ಫ್, ಜೆಮ್ಲಿನ್‌ಸ್ಕಿ. ಫಿನ್‌ಲೆಂಡಿನ ಸಿಬೆಲಿಯಸ್ ಫುಕ್ಸ್ ಅವರಲ್ಲಿ ಪಾಠ ಹೇಳಿಸಿಕೊಳ್ಳಲು ವಿಯೆನ್ನಾಕ್ಕೆ ಬಂದದ್ದೂ 1890ರಲ್ಲೇ. ಮಾಹ್ಲರ್ ಹೆಸರು ಬಂದಲ್ಲೆಲ್ಲ ಫುಕ್ಸ್ ಹೆಸರು ಬರುತ್ತದೆ. ಅದೇ ಗುರುವಿನ ಮುಂದೆ ತನ್ನ ಅಭ್ಯಾಸದ ಹಾಳೆಗಳನ್ನಿಟ್ಟು ತಿದ್ದಿಸಿಕೊಂಡ ಟೋಕಿಯೊದ ಹುಡುಗಿಯ ಹೆಸರು ಬರುವುದು ಬಹಳ ಅಪರೂಪ.

ಆ ನಗರ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುತ್ತಿತ್ತು, ಪದಕ ಕೊಡುತ್ತಿತ್ತು. ವಾದ್ಯವೃಂದದಲ್ಲಿ ಕುರ್ಚಿ ಕೊಡುತ್ತಿರಲಿಲ್ಲ. ವಿಯೆನ್ನಾ ಫಿಲ್‌ಹಾರ್ಮೋನಿಕ್ ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 1997ರಲ್ಲಿ. ನೊಬು ಅಲ್ಲಿಂದ ಹೊರಟು 102 ವರ್ಷಗಳಾದ ಮೇಲೆ.

ಇಲ್ಲಿ ನಮ್ಮ ಕಡೆಯ ಒಂದು ಮಾತನ್ನು ಹೇಳಿ ಮುಂದೆ ಹೋಗುತ್ತೇನೆ. ಪಿಟೀಲು ನಮಗೂ ಹೊರಗಿನಿಂದಲೇ ಬಂದ ವಾದ್ಯ. ಆದರೆ ನಾವು ವಾದ್ಯವನ್ನು ತೆಗೆದುಕೊಂಡೆವು, ನೆಲದ ಮೇಲೆ ಕುಳಿತು ಕಾಲಿಗೆ ಆನಿಸಿಕೊಂಡೆವು, ನಮ್ಮ ಗಮಕಗಳನ್ನೇ ಅದರಲ್ಲಿ ನುಡಿಸಿದೆವು. ಮೈಸೂರಿನ ಚೌಡಯ್ಯನವರು ಏಳು ತಂತಿ ಹೂಡಿ ನುಡಿಸುವ ಹೊತ್ತಿಗೆ ಅದು ಎಲ್ಲಿಂದ ಬಂತೆಂದು ಕೇಳುವವರೇ ಇರಲಿಲ್ಲ. ಜಪಾನಿನಲ್ಲಿ ವಾದ್ಯದ ಜೊತೆ ಅದರ ಸಂಗೀತವೂ ಬಂತು, ಸ್ವರಲಿಪಿಯೂ ಬಂತು, ನಿಂತು ನುಡಿಸುವ ಭಂಗಿಯೂ ಬಂತು. ನೊಬು ಮಾಡಬೇಕಾಗಿದ್ದದ್ದು ಕೈಗೆ ಹೊಸ ವಾದ್ಯ ಕಲಿಸುವ ಕೆಲಸ ಮಾತ್ರವಲ್ಲ, ಕಿವಿಗೆ ಹೊಸ ಭಾಷೆ ಕಲಿಸುವ ಕೆಲಸ. ಆ ಭಾಷೆಯಲ್ಲಿ ಮಾತನಾಡುವುದಷ್ಟೇ ಅಲ್ಲ, ಅದರಲ್ಲಿ ಕಾವ್ಯ ಬರೆಯುವ ಧೈರ್ಯವನ್ನೂ ಅವರು ಮಾಡಿದರು.

ಆ ಕಾವ್ಯವೇ ಇ ಫ್ಲಾಟ್ ಮೇಜರ್ ಎಂಬ ಶ್ರುತಿಯಲ್ಲಿರುವ ಪಿಟೀಲು ಸೊನಾಟಾ. ಕಾಲ 1895, ಅವರು ಯುರೋಪಿನಿಂದ ಮರಳಿದ ವರ್ಷ. ಮೂರು ಭಾಗಗಳ ಕೃತಿ. ಇದರಲ್ಲಿ ಜಪಾನಿನ ಛಾಯೆಯನ್ನು ಹುಡುಕಿಕೊಂಡು ಹೋದರೆ ಸಿಗುವುದಿಲ್ಲ. ಇದು ವಿಯೆನ್ನಾದ ಮಾತು, ಅಲ್ಲಿಯ ವ್ಯಾಕರಣ. ಎರಡು ವಿಷಯಗಳನ್ನು ಎದುರುಬದುರು ನಿಲ್ಲಿಸಿ ಬೆಳೆಸುವ ಹಳೆಯ ಚೌಕಟ್ಟು, ಪಿಟೀಲಿನ ಸಾಲಿಗೆ ಪಿಯಾನೊ ಕೊಡುವ ಉತ್ತರ, ನಡುವೆ ನಿಧಾನದ ಭಾಗ. ಬರೀ ಅನುಕರಣೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಾವ ಭಾಷೆಯಲ್ಲೇ ಆಗಲಿ, ಮೊದಲ ಸಲ ಬರೆಯುವವರು ಆ ಭಾಷೆ ತಮಗೆ ಸರಿಯಾಗಿ ಬರುತ್ತದೆ ಎಂದು ತೋರಿಸಲೇಬೇಕಾಗುತ್ತದೆ. ಈ ಕೃತಿ ಪರೀಕ್ಷೆಯ ಉತ್ತರಪತ್ರಿಕೆಯಂತೆ ಕೇಳಿಸುವುದಿಲ್ಲ. ಅದರಲ್ಲಿ ಹಾಡುವ ಆಸೆ ಇದೆ, ಉಸಿರಿಗೆ ಜಾಗವಿದೆ. ಇಪ್ಪತ್ತೈದು ವರ್ಷದವರು ಬರೆದದ್ದು ಎಂಬುದನ್ನು ಮರೆಯಬಾರದು. ಎಲ್ಲರೂ ಕಲಿಕೆಯ ಕಾಲದಲ್ಲಿ ಗುರುಗಳ ದನಿಯಲ್ಲೇ ಮಾತನಾಡುತ್ತಾರೆ. ಆಮೇಲೆ ತಮ್ಮ ದನಿ ಕಂಡುಕೊಳ್ಳಲು ಅವರಿಗೆ ಹತ್ತು ವರ್ಷ ಬರೆಯುವ ಬಿಡುವು ಸಿಗುತ್ತದೆ.

ನೊಬು ಅವರಿಗೆ ಸಿಗದೇ ಹೋದದ್ದು ಆ ಹತ್ತು ವರ್ಷ.

ಅವರು ವಿಯೆನ್ನಾದಲ್ಲಿದ್ದಾಗ ಊರಿನ ಶಾಲೆಯ ಗತಿ ಕೆಟ್ಟಿತ್ತು. ಹೊಸದಾಗಿ ಸೇರಿದ ಸಂಸತ್ತಿನಲ್ಲಿ, ಸಂಗೀತಕ್ಕೆ ಸರ್ಕಾರ ಹಣ ಹಾಕಬೇಕೇ, ಈ ಶಾಲೆಯನ್ನೇ ಮುಚ್ಚಬಾರದೇ ಎಂಬ ಮಾತು ಎದ್ದಿತ್ತು. 1893ರಲ್ಲಿ ಅದರ ಸ್ವತಂತ್ರ ಸ್ಥಾನವನ್ನು ತೆಗೆದು ಉನ್ನತ ಶಿಕ್ಷಕ ತರಬೇತಿ ಶಾಲೆಯ ಅಂಗವಾಗಿ ಮಾಡಿದರು. ಮತ್ತೆ ಸ್ವತಂತ್ರವಾದದ್ದು 1899ರಲ್ಲಿ. ಹಾಗಾಗಿ 1895ರ ಕೊನೆಗೆ ನೊಬು ಬಂದು ಸೇರಿದ್ದು ತನ್ನ ಅಸ್ತಿತ್ವವನ್ನೇ ಸಮರ್ಥಿಸಿಕೊಳ್ಳಬೇಕಾಗಿದ್ದ ಒಂದು ಶಾಲೆಗೆ. ಸಂಗೀತದಿಂದ ದೇಶಕ್ಕೇನು ಲಾಭ ಎಂಬ ಪ್ರಶ್ನೆಗೆ ಉತ್ತರವಾಗಿ ಸೊನಾಟಾವನ್ನು ತೋರಿಸಲಾಗುತ್ತದೆಯೇ? ತಯಾರಾದ ಶಿಕ್ಷಕರ ತಲೆ ಎಣಿಸಿ ತೋರಿಸಬೇಕು. ನೊಬು ಪಿಯಾನೊ ಕಲಿಸಿದರು, ಪಿಟೀಲು ಕಲಿಸಿದರು, ಗಾಯನ ಕಲಿಸಿದರು, ರಚನೆಯ ಪಾಠ ಹೇಳಿದರು. ಬೇರೆ ದೇಶದ ಕನ್ಸರ್ವೇಟರಿಯಲ್ಲಾದರೆ ನಾಲ್ಕು ಪ್ರಾಧ್ಯಾಪಕರು ಹಂಚಿಕೊಳ್ಳುವ ಕೆಲಸ.

1897ರಲ್ಲಿ ಇನ್ನೊಂದು ಪಿಟೀಲು ಸೊನಾಟಾ ಆರಂಭಿಸಿದರು, ಡಿ ಮೈನರ್‌ನಲ್ಲಿ. ನಮಗೆ ಉಳಿದಿರುವುದು ಅದರ ಒಂದೇ ಭಾಗ. ಮೊದಲನೆಯದಕ್ಕಿಂತ ಬಣ್ಣ ಗಾಢ, ದನಿ ಗಂಭೀರ. ಆ ಒಂದು ಭಾಗವನ್ನು ಕೇಳಿ ಮುಗಿಸಿದಾಗ ಮುಂದಿನದಕ್ಕಾಗಿ ಕಿವಿ ಕಾಯುತ್ತದೆ. ಮುಂದಿನದು ಬರುವುದಿಲ್ಲ.

ಅವರ ಬರಹ ಶಿಷ್ಯರೊಳಗೆ ಹೋಯಿತು ಎಂದು ಹೇಳಿ ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ತಾಕಿ ರೆಂತಾರೊ 1894ರಲ್ಲಿ ಶಾಲೆಗೆ ಸೇರಿದ ಹುಡುಗ. ಪಾಳುಬಿದ್ದ ಕೋಟೆಯ ಮೇಲಿನ ಬೆಳದಿಂಗಳನ್ನು ಹಾಡುವ ಆತನ 1901ರ ಹಾಡನ್ನು ತಿಳಿಯದ ಜಪಾನಿಯರಿಲ್ಲ. ಮೂಲತಃ ಅದು ಶಾಲಾ ವಿದ್ಯಾರ್ಥಿಗಳಿಗಾಗಿ ಕಟ್ಟಿದ ಹಾಡು. 1900ರಲ್ಲಿ ಆತ ಪಿಯಾನೊಗೆ ಒಂದು ಮಿನುಯೆಟ್ ಬರೆದ. ಲೈಪ್‌ಜಿಗ್‌ಗೆ ಹೋಗಿ, ಕ್ಷಯ ತಗುಲಿ, ಮರಳಿ ಬಂದು 1903ರಲ್ಲಿ 23ನೆಯ ವಯಸ್ಸಿನಲ್ಲಿ ತೀರಿಕೊಂಡ. ಸಾಯುವ ಮುನ್ನ ಪಿಯಾನೊಗಾಗಿ ಬರೆದ ಕೊನೆಯ ಪುಟ್ಟ ಕೃತಿಯ ಹೆಸರು ‘ಉರಾಮಿ’, ಕೊರಗು. ಅದೂ ಡಿ ಮೈನರ್‌ನಲ್ಲೇ ಇದೆ. ಗುರುವಿನ ಅಪೂರ್ಣ ಸೊನಾಟಾದ ಶ್ರುತಿ.

ತಂಗಿ ಕೋ 1899ರಲ್ಲಿ ಸರ್ಕಾರದ ವೆಚ್ಚದಲ್ಲಿ ಬರ್ಲಿನ್‌ಗೆ ಹೋಗಿ, ಬ್ರಾಮ್ಸ್ ಅವರ ಗೆಳೆಯ ಯೋಸೆಫ್ ಯೋಆಖಿಮ್ ಅವರಲ್ಲಿ ಪಿಟೀಲು ಕಲಿತು 1903ರಲ್ಲಿ ಬಂದರು. ಮದುವೆಯ ಬಳಿಕ ಅಂದೊ ಕೋ ಎಂದು ಹೆಸರಾದರು. ಜಪಾನಿನ ಪಿಟೀಲು ವಾದನದ ತಲೆಮಾರುಗಳನ್ನು ತಿದ್ದಿದವರು. ನೊಬು ಅವರ ಇನ್ನೊಬ್ಬ ಶಿಷ್ಯೆ ಮಿಉರಾ ತಮಾಕಿ 1915ರಲ್ಲಿ ಲಂಡನ್ನಿನಲ್ಲಿ ಪುಚ್ಚೀನಿಯ ಒಪೆರಾದಲ್ಲಿ ‘ಮದಾಮ ಬಟರ್‌ಫ್ಲೈ’ ಆಗಿ ಹಾಡಿ ಜಗತ್ತಿನ ಗಮನ ಸೆಳೆದರು. ಬೀಥೋವನ್ ನುಡಿಸಿ ಹೆಸರಾದ ಕುನೊ ಹಿಸಾ ಕೂಡ ನೊಬು ಅವರ ಶಿಷ್ಯೆ. ಆಕೆ ಹೆಚ್ಚಿನ ಕಲಿಕೆಗೆ ಗುರುವಿನ ವಿಯೆನ್ನಾಕ್ಕೇ ಹೋದರು. ತಾನು ಬುಡದಿಂದ ಮತ್ತೆ ಕಲಿಯಬೇಕೆಂಬ ಮಾತು ಅಲ್ಲಿ ಕಿವಿಗೆ ಬಿತ್ತು. 1925ರಲ್ಲಿ ಆ ಊರಿನ ಸಮೀಪದಲ್ಲೇ ಆಕೆ ತಮ್ಮ ಪ್ರಾಣ ಕಳೆದುಕೊಂಡರು. ಆಗ 54 ದಾಟಿದ್ದ ನೊಬು ಅವರ ಮನಸ್ಸು ಏನಾಗಿರಬಹುದು ಎಂದು ಯೋಚಿಸಿದರೆ ನನಗೆ ಮಾತು ಮುಂದೆ ಹೋಗುವುದಿಲ್ಲ.

ನಾನು ಕಾಲವನ್ನು ಸ್ವಲ್ಪ ದಾಟಿ ಹೋದೆ. ಹಿಂದಕ್ಕೆ ಬರೋಣ, 1900ರ ನಂತರದ ವರ್ಷಗಳಿಗೆ.

ನೊಬು ಶಾಲೆಯ ಹಿರಿಯ ಪ್ರಾಧ್ಯಾಪಕಿಯಾಗಿದ್ದರು. ಕಟ್ಟುನಿಟ್ಟಿನವರು. ಮದುವೆಯಾಗಿರಲಿಲ್ಲ. ಸರ್ಕಾರಿ ಸಂಬಳ ಪಡೆಯುತ್ತಿದ್ದರು, ಗಂಡಸರಿಗೂ ಪಾಠ ಹೇಳುತ್ತಿದ್ದರು, ಶಾಲೆಯ ವಿಷಯಗಳಲ್ಲಿ ಅವರ ಮಾತು ನಡೆಯುತ್ತಿತ್ತು. ಪತ್ರಿಕೆಗಳಿಗೆ ಇಷ್ಟು ಸಾಕಾಯಿತು. ಶಾಲೆ ಇದ್ದದ್ದು ಉಯೆನೊದಲ್ಲಿ; ಹಾಗಾಗಿ ‘ಉಯೆನೊದ ರಾಜಮಾತೆ ತ್ಸ್ಯು ಶಿ’ ಎಂದು ಹೆಸರಿಟ್ಟರು. ಚೀನಾದ ಅರಮನೆಯಲ್ಲಿ ಪರದೆಯ ಹಿಂದೆ ಕುಳಿತು ಸಾಮ್ರಾಜ್ಯ ಆಳಿದ ರಾಣಿ ಆಕೆ. ನೊಬು ಅವರ ಸಂಬಳದ ಬಗ್ಗೆ, ನಡೆನುಡಿಯ ಬಗ್ಗೆ, ಒಂಟಿ ಬದುಕಿನ ಬಗ್ಗೆ ಬರೆದರು. ಶಾಲೆಯಲ್ಲಿ ವಿದೇಶಿ ಪ್ರಾಧ್ಯಾಪಕರೂ ಇದ್ದರು, ಗಂಡಸರಾದ ಜಪಾನಿ ಪ್ರಾಧ್ಯಾಪಕರೂ ಇದ್ದರು. ಕಟ್ಟುನಿಟ್ಟು ಅವರಲ್ಲಿದ್ದರೆ ಅದಕ್ಕೆ ಶಿಸ್ತು ಎಂದು ಹೆಸರು. ಈ ಭಾಗವನ್ನು ಓದುವಾಗ ನನಗೆ ಬಂದ ಕೋಪವನ್ನು ನಾನು ಮುಚ್ಚಿಡುವುದಿಲ್ಲ. ಒಂದು ದೇಶ ತನ್ನ ಹುಡುಗಿಯೊಬ್ಬಳನ್ನು ಹತ್ತೊಂಬತ್ತನೆಯ ವಯಸ್ಸಿಗೆ ಸಾಗರ ದಾಟಿಸುತ್ತದೆ, ಕಲಿತುಕೊಂಡು ಬಾ ಎನ್ನುತ್ತದೆ. ಆಕೆ ಕಲಿತು ಬಂದು ತನ್ನೊಳಗಿನ ಕೃತಿಗಳನ್ನು ಪಕ್ಕಕ್ಕಿಟ್ಟು ಹದಿಮೂರು ವರ್ಷ ಕಲಿಸುತ್ತಾಳೆ. ಕಲಿಸುವವರು ಸಾಕಷ್ಟು ತಯಾರಾದ ಮೇಲೆ ಆಕೆಯ ಅಧಿಕಾರ ಹೆಚ್ಚಾಯಿತು ಎನ್ನುತ್ತದೆ.

1909ರಲ್ಲಿ ಅವರನ್ನು ಕೆಲಸದಿಂದ ದೂರವಿರಿಸಲಾಯಿತು. ಅವರಿಗೆ 39 ವರ್ಷ.

ನೊಬು ಜಗಳಕ್ಕೆ ನಿಲ್ಲಲಿಲ್ಲ. ಮತ್ತೆ ಯುರೋಪಿಗೆ ಹೊರಟರು. ಬರ್ಲಿನ್, ವಿಯೆನ್ನಾ, ಪ್ಯಾರಿಸ್, ಲಂಡನ್. ಆ ಪ್ರವಾಸದ ದಿನಚರಿ ಉಳಿದಿದೆ. ಅವಮಾನಗೊಂಡು ಹೊರಟವರು ಬರೆದ ದಿನಚರಿಯಲ್ಲಿ ದೂರುಗಳು ತುಂಬಿರಬೇಕಲ್ಲವೇ? ತುಂಬಿರುವುದು ಸಂಗೀತ: ಕೇಳಿದ ಕಛೇರಿಗಳು, ನೋಡಿದ ಒಪೆರಾಗಳು, ಭೇಟಿಯಾದ ಕಲಾವಿದರು. ಮಧ್ಯವಯಸ್ಸಿನ ಪ್ರಾಧ್ಯಾಪಕಿ ಮತ್ತೆ ವಿದ್ಯಾರ್ಥಿನಿಯಾಗಿದ್ದರು.

1910ರಲ್ಲಿ ಬಂದವರು ಶಾಲೆಗೆ ಮರಳಲಿಲ್ಲ. ಟೋಕಿಯೊದ ಕಿಒಇ-ಚೊ ಪ್ರದೇಶದ ತಮ್ಮ ಮನೆಯಲ್ಲಿ ಪಿಯಾನೊ ಪಾಠ ಆರಂಭಿಸಿದರು. ಸಿರಿವಂತರ ಮನೆಯ ಹೆಣ್ಣುಮಕ್ಕಳು ಬಂದರು, ರಾಜಮನೆತನದವರಿಗೂ ಪಾಠ ಹೇಳಿದರು. ಮನೆಯ ಆವರಣದಲ್ಲೇ ಕಛೇರಿ ನಡೆಸಲು ಒಂದು ಸಣ್ಣ ಸಭಾಂಗಣ ಕಟ್ಟಿಸಿದರು. ಉಯೆನೊದ ದೊಡ್ಡ ವೇದಿಕೆಯಿಂದ ಈ ಪುಟ್ಟ ಕೋಣೆಗೆ ಬಂದದ್ದನ್ನು ಇಳಿತ ಎಂದು ಬರೆಯುವವರಿದ್ದಾರೆ. ತನ್ನ ಮನೆ, ತನ್ನ ಪಿಯಾನೊ, ತಾನು ಆರಿಸಿಕೊಂಡ ಶಿಷ್ಯರು. ಪತ್ರಿಕೆಗಳು ಬಾಗಿಲಿನ ಹೊರಗೆ. ಇದನ್ನು ಇಳಿತ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

1915ರಲ್ಲಿ ತಾಯಿಶೊ ಚಕ್ರವರ್ತಿಯ ಪಟ್ಟಾಭಿಷೇಕದ ಸಂದರ್ಭಕ್ಕೆ ಒಂದು ವೃಂದಗಾನ ರಚಿಸಿದರು. ಕವಿ ಸಸಾಕಿ ನೊಬುತ್ಸುನಾ ಬರೆದ ಪದಗಳಿಗೆ ಯೊಕೊಹಾಮಾದ ಒಂದು ಸರ್ಕಾರಿ ಮಾಧ್ಯಮಿಕ ಶಾಲೆಗಾಗಿ ಶಾಲಾಗೀತೆ ಕಟ್ಟಿಕೊಟ್ಟರು. ಇಂದು ಕಿಬೊಗಾಒಕಾ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಪ್ರೌಢಶಾಲೆ ಅದು, ಅಲ್ಲಿ ಈಗಲೂ ಆ ಹಾಡೇ ಇದೆ. ಪಟ್ಟಾಭಿಷೇಕ ಮತ್ತು ಶಾಲೆ. ಗಮನಿಸಿ, ಎರಡೂ ಬೇರೆಯವರು ಬೇಡಿದ ಕಾರಣಕ್ಕೆ ಹುಟ್ಟಿದವು. ಯಾರೂ ಕೇಳದೆ, ತಮ್ಮೊಳಗಿನ ಒತ್ತಾಯಕ್ಕೆ ಬರೆದ ದೊಡ್ಡ ಕೃತಿಗಳು ಆ ಎರಡು ಸೊನಾಟಾಗಳೇ. ಯಮಾದಾ ಕೋಸಾಕು ಜಪಾನಿನ ಮೊದಲ ಸಿಂಫನಿ ಬರೆದದ್ದು 1912ರಲ್ಲಿ, ಬರ್ಲಿನ್‌ನಲ್ಲಿ ಕುಳಿತು. ಇ ಫ್ಲಾಟ್ ಸೊನಾಟಾ ಅದಕ್ಕಿಂತ 17 ವರ್ಷ ಹಿರಿಯದು. ಆದರೂ ಜಪಾನಿನಲ್ಲಿ ಪಾಶ್ಚಾತ್ಯ ಶೈಲಿಯ ರಚನೆಯ ಕಥೆಯನ್ನು ಹೇಳುವವರು ಬಹುಕಾಲ ತಾಕಿಯಿಂದ ಯಮಾದಾಗೆ ನೇರವಾಗಿ ದಾಟಿಬಿಡುತ್ತಿದ್ದರು. ಆ ಇಬ್ಬರೂ ಕಲಿತ ಶಾಲೆಯಲ್ಲಿ ಇವರೇ ಪ್ರಾಧ್ಯಾಪಕಿಯಾಗಿದ್ದರು.

1937ರಲ್ಲಿ ಸಾಮ್ರಾಜ್ಯದ ಕಲಾ ಅಕಾಡೆಮಿ ಅವರನ್ನು ಸದಸ್ಯೆಯಾಗಿ ಆರಿಸಿಕೊಂಡಿತು. ಗೌರವ ಬಂತು, 67 ವರ್ಷವಾದ ಮೇಲೆ. ಆಮೇಲೆ ಯುದ್ಧ, ಬಾಂಬು, ಸುಟ್ಟ ಟೋಕಿಯೊ. 1946ರ ಜೂನ್ 14ರಂದು ನೊಬು ತೀರಿಕೊಂಡರು, 76ನೆಯ ವಯಸ್ಸಿನಲ್ಲಿ. ಅದಕ್ಕೆ ಮೂರು ವಾರ ಮೊದಲು, ಮೇ 26ರಂದು, ಶಿಷ್ಯೆ ಮಿಉರಾ ತಮಾಕಿ ಹೋಗಿದ್ದರು. ಮರುವರ್ಷ ಅಣ್ಣ ರೊಹಾನ್.

ಉಯೆನೊದ ಆ ಮರದ ಸಭಾಂಗಣ ಇನ್ನೂ ಇದೆ. ಬಿದ್ದುಹೋಗದಂತೆ ಬಿಚ್ಚಿ, ಅದೇ ಉದ್ಯಾನದ ಇನ್ನೊಂದು ಮೂಲೆಯಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಸೊನಾಟಾಗಳೂ ಉಳಿದವು. ದಶಕಗಟ್ಟಲೆ ಯಾರೂ ನುಡಿಸದೆ ಕೈಬರಹದಲ್ಲೇ ಇದ್ದವು. ಇತ್ತೀಚಿನ ದಶಕಗಳಲ್ಲಿ ಅಚ್ಚಾಗಿ, ಧ್ವನಿಮುದ್ರಿತವಾಗಿ ನಮ್ಮ ಕೈಗೆ ಬಂದಿವೆ.

ಇಷ್ಟು ಹೊತ್ತು ನಾನು ಮಾತನಾಡಿದೆ. ಅವರ ಬಗ್ಗೆ ಬೇರೆಯವರು ಮಾತನಾಡಿದ್ದು ಬಹಳವಾಯಿತು. ಇನ್ನು ಅವರೇ ಮಾತನಾಡಲಿ. ಇ ಫ್ಲಾಟ್ ಮೇಜರ್ ಸೊನಾಟಾದ ಮೊದಲ ಭಾಗವನ್ನು ಈಗ ಕೇಳೋಣ. ಕಿಟಕಿಗಳನ್ನು ಮುಚ್ಚಿದರೆ ರಸ್ತೆಯ ಸದ್ದು ಕಡಿಮೆಯಾಗುತ್ತದೆ. ಹಿಂದೆ ಕುಳಿತವರು ದಯವಿಟ್ಟು ಮುಂದೆ ಬನ್ನಿ; ಶುರುವಾಗುವ ಮೊದಲ ಸ್ವರದಿಂದಲೇ ಕೇಳಬೇಕು.